ಭಾನುವಾರದ ಕೈ

"ಇನ್ನೂ ಸ್ವಲ್ಪ ಹತ್ತಿರ ಕೂತ್ಕೊಳ್ರೋ. ಇಬ್ರದ್ದೂ ಅರ್ಧರ್ಧ ಮುಖ ಕಾಣ್ತಿದೆ," ಎಂದರು ಅತ್ತೆ ಫೋನಿನೊಳಗಿಂದ.

ಅವನು ಸರಿದು ಕೂತ. ಅವನ ಕೈ ಅವಳ ಬೆನ್ನ ಹಿಂದಿನಿಂದ ಬಂದು ಭುಜದ ಮೇಲೆ ಕೂತಿತು. ಹಗುರವಾಗಿ, ಯಾವಾಗ ಎದ್ದೇಳು ಅನ್ನುತ್ತಾರೋ ಎಂದು ಅಂಜುವ ನೆಂಟನ ಹಾಗೆ.

"ಹಾಂ, ಈಗ ನೋಡು, ಎಷ್ಟು ಲಕ್ಷಣವಾಗಿದೀರಿ! ಏನಮ್ಮಾ, ನನ್ನ ಮಗ ಮಾತಾದ್ರೂ ಆಡ್ತಾನೋ ಇಲ್ವೋ? ಹುಟ್ಟು ಮೂಗಬಸವ ಅವನು."

"ಆಡ್ತಾರೆ ಅತ್ತೆ. 'ಊಟ ಆಯ್ತಾ', 'ಬಾಗಿಲು ಹಾಕಿದ್ಯಾ', ಎರಡೂ ದಿನಾ ಕೇಳ್ತಾರೆ."

ಅತ್ತೆ ಕಣ್ಣೊರೆಸಿಕೊಂಡು ನಕ್ಕರು. ಅವನೂ ನಕ್ಕ. ಆ ನಗು ಅವನ ಬೆರಳುಗಳಿಗೆ ಇಳಿದು ಅವಳ ಭುಜಕ್ಕೂ ತಿಳಿಯಿತು.

"ಮುಂದಿನ ವಾರ ಫೋನ್ ಮಾಡ್ಬೇಡಿ. ನಿಮ್ಮ ಚಿಕ್ಕಮ್ಮನ ಊರಿಗೆ ಹೊರಟಿದೀನಿ, ದಿನವೆಲ್ಲಾ ಬಸ್ಸಲ್ಲೇ ಇರ್ತೀನಿ," ಎಂದು ಹೇಳಿ ಅತ್ತೆ ಮರೆಯಾದರು.

ಕೈಯೂ ಎದ್ದು ಹೋಯಿತು. "ಕುಕ್ಕರ್ ಇಡ್ತೀನಿ," ಎಂದು ಅವನು ಒಳಗೆ ನಡೆದ. ಅವಳು ಭುಜದ ಬಿಸಿ ಆರುವವರೆಗೂ ಅಲ್ಲೇ ಕೂತಿದ್ದಳು.

ಮದುವೆಯಾದ ಕೆಲವೇ ವಾರಗಳಲ್ಲಿ ಅವನು ಈ ಪರದೇಶದ ದೊಡ್ಡ ಊರಿಗೆ ಬಂದಿದ್ದ. ಅವಳು ವೀಸಾ ಸಿಕ್ಕ ಮೇಲೆ ಬಂದು ಸೇರಿದ್ದಳು. ಅವನದು ಲಿಫ್ಟ್ ರಿಪೇರಿ ಕೆಲಸ. ಸಂಜೆ ಬಂದವನು ಮೊದಲು ಬಚ್ಚಲಿಗೆ, ಆಮೇಲೆ ಊಟಕ್ಕೆ, ಆಮೇಲೆ ಮಂಚದ ಆ ತುದಿಗೆ. ನಡುವೆ ಇನ್ನೊಬ್ಬರು ಮಲಗುವಷ್ಟು ಜಾಗ.

ಅವಳಿಗೆ ಡ್ರೈಕ್ಲೀನಿಂಗ್ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಆಲ್ಟರೇಷನ್ ಕೆಲಸ. ಯಾರದೋ ಪ್ಯಾಂಟಿನ ಅಂಚು ಮಡಚುವುದು, ಯಾರದೋ ಕೋಟಿನ ಜಿಪ್ ಬದಲಿಸುವುದು. ಆ ಊರಿನವರ ಸೊಂಟದ ಅಳತೆಯೆಲ್ಲ ಅವಳಿಗೆ ಗೊತ್ತು, ಮುಖ ಗೊತ್ತಿಲ್ಲ. ಅವರ ಭಾಷೆಯೂ ಬಾರದು. ಮುಂದಿನ ಕೋಣೆಯಿಂದ ನಗು ಕೇಳಿದರೆ, ಏನೆಂದು ತಿಳಿಯದೆ ತಾನೂ ಒಂದಿಷ್ಟು ನಗುತ್ತಿದ್ದಳು. ಒಮ್ಮೊಮ್ಮೆ ಹೊಲಿಗೆ ಮಿಷನ್ನಿಗೇ, "ಏನೇ, ಇವತ್ತು ದಾರ ನುಂಗೋದೇ ಕೆಲ್ಸಾನಾ ನಿಂಗೆ?" ಎಂದು ಬೈದು, ತನ್ನ ದನಿ ಕೇಳಿ ತಾನೇ ಬೆಚ್ಚುತ್ತಿದ್ದಳು.

ಭುಜದ ಮೇಲಿನ ಆ ಕೈ ಅತ್ತೆಗೆ ತೋರಿಸಲಿಕ್ಕೆ ಎಂದು ಅವಳು ನಂಬಿದ್ದಳು. ಆದರೂ ವಾರವೆಲ್ಲ ಅದಕ್ಕೇ ಕಾಯುತ್ತಿದ್ದಳು. ಹೀಗೆ ಕಾಯುವುದನ್ನು ನೆನೆದರೆ ನಾಚಿಕೆಯಾಗುತ್ತಿತ್ತು, ಅದಕ್ಕಿಂತ ಹೆಚ್ಚು ದುಃಖವಾಗುತ್ತಿತ್ತು.

ಫೋನಿಲ್ಲದ ಆ ಭಾನುವಾರವೂ ಬಂತು. ಎಂದಿನ ಹೊತ್ತಿಗೆ ಅವಳ ಕಾಲುಗಳು ತಾವಾಗಿ ಸೋಫಾದ ಕಡೆ ನಡೆದವು. ಬಚ್ಚಲಲ್ಲಿ ಬ್ರಷ್ಷಿನಿಂದ ಗಸಗಸ ಉಜ್ಜುವ ಸದ್ದು ಕೇಳುತ್ತಿತ್ತು. ಅವನು ಕೈ ಒರೆಸುತ್ತ ಬಂದವನೇ ಪಕ್ಕದಲ್ಲಿ ಕೂತ. ಎದುರಿನ ಟೀಪಾಯಿ ಖಾಲಿ.

"ಇವತ್ತು ಅಮ್ಮ ಸಿಗಲ್ಲ," ಎಂದ.

"ಗೊತ್ತು."

"ಮತ್ತೆ ಯಾಕೆ ಬಂದು ಕೂತೆ?"

"ನೀವ್ಯಾಕೆ ಕೂತ್ರಿ?"

ಅವನು ಟೀಪಾಯಿಯನ್ನೇ ನೋಡಿದ. ಅವಳು ಅವನ ಕಿವಿ ಕೆಂಪಾಗುವುದನ್ನು ಓರೆಗಣ್ಣಿನಲ್ಲಿ ನೋಡಿದಳು. ಎಷ್ಟೋ ದಿನದಿಂದ ಒಳಗೇ ಇಟ್ಟುಕೊಂಡಿದ್ದ ಮಾತು ಹೊರಗೆ ಬಿತ್ತು.

"ರೀ, ಅತ್ತೆ ನೋಡ್ತಿದ್ರೆ ಮಾತ್ರ ನಾನು ನಿಮ್ಮ ಹೆಂಡ್ತೀನಾ?"

"ಏನೇ ಹಾಗಂದ್ರೆ!" ಅವನು ನಿಜವಾಗಿಯೂ ಗಾಬರಿಯಾದ. "ಭಾನುವಾರ ಒಂದೇ ಅಲ್ವಾ ನನ್ನ ಕೈ ಕ್ಲೀನಾಗಿರೋದು? ಬಾಕಿ ದಿನ ಎಷ್ಟು ತೊಳೆದ್ರೂ ಗ್ರೀಸ್ ವಾಸನೆ ಹೋಗಲ್ಲ. ನಿಂಗಾಗಲ್ಲ ಅಂತ..."

"ನಂಗಾಗಲ್ಲ ಅಂತ ಯಾರು ಹೇಳಿದ್ದು?"

"ನೀನೇ. ಬಂದ ಹೊಸದರಲ್ಲಿ ಒಂದಿನ ಕೆಲಸದಿಂದ ಬಂದು ನಿನ್ನ ಹತ್ತಿರ ಬಂದೆ. ನೀನು ದುಪಟ್ಟಾ ಮೂಗಿಗೆ ಒತ್ತಿಕೊಂಡು ಆ ಕಡೆ ತಿರುಗಿಬಿಟ್ಟೆ."

ಅವಳು ನೆನಪು ಮಾಡಿಕೊಂಡಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಅಯ್ಯೋ ದೇವ್ರೇ! ಅವತ್ತು ಅತ್ತಿದ್ದೆ ರೀ. ಬೆಳಗ್ಗೆಯಿಂದ ಅತ್ತು ಅತ್ತು ಮೂಗು ಸೋರ್ತಿತ್ತು. ನಿಮಗೆ ಕಾಣಬಾರದು ಅಂತ ಮುಚ್ಕೊಂಡೆ."

"ಯಾಕೆ ಹೇಳ್ಲಿಲ್ಲ?"

"ಅಳೋಳನ್ನ ಇಟ್ಕೊಂಡು ಏನ್ ಮಾಡೋದು ಅಂತ ವಾಪಸ್ ಕಳಿಸಿಬಿಟ್ರೆ?"

ಅವನು ಅವಳ ಕಡೆ ತಿರುಗಿದ. ಕೇಳಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಕೇಳಿದ: "ಈಗಲೂ ಅಳ್ತೀಯಾ?"

ಅವಳು "ಇಲ್ಲಪ್ಪ" ಎಂದಳು. ಅಳು ಮುಚ್ಚಿಡುವ ಅಷ್ಟು ದಿನದ ಅಭ್ಯಾಸ, ಒಮ್ಮೆಗೇ ಹೋಗಲಿಲ್ಲ.

ಮರುದಿನ ಅಂಗಡಿಯ ಮುಂದಿನ ಕೋಣೆಯಲ್ಲಿ ಯಾರೂ ಇಲ್ಲದ ಹೊತ್ತಿಗೆ ಒಬ್ಬ ಹೆಂಗಸು ಮಗುವಿನ ಬೆಳ್ಳನೆಯ ಅಂಗಿಯೊಂದನ್ನು ಇವಳ ಹತ್ತಿರವೇ ತಂದು, ಏನೋ ಉದ್ದಕ್ಕೆ ಹೇಳಿ, ಉತ್ತರಕ್ಕೆ ಕಾದಳು. ಇವಳು ನಕ್ಕಳು. ಹೆಂಗಸು ಮತ್ತೆ ಹೇಳಿದಳು. ಇವಳು ಮತ್ತೆ ನಕ್ಕಳು. ಕೊನೆಗೆ ಆ ಹೆಂಗಸು ಅಂಗಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡು ಹೊರಟುಹೋದಳು. ಅಷ್ಟೇ ಆದದ್ದು.

ಸಂಜೆ ಅವನು ಬಾಗಿಲಲ್ಲಿ ಶೂ ಕಳಚುತ್ತಿದ್ದ. ಅವಳು ಅಡುಗೆಮನೆಯಿಂದ ಬಂದು ಅವನೆದುರು ನಿಂತಳು. ಮುಖ ಮುಚ್ಚಿಕೊಳ್ಳಲಿಲ್ಲ.

"ರೀ, ಅಳು ಬರ್ತಿದೆ," ಎಂದಳು. ಅಷ್ಟು ಹೇಳುವುದರೊಳಗೆ ಬಂದೇ ಬಿಟ್ಟಿತು.

ಅವನು ಎರಡೂ ಕೈಗಳನ್ನು ಗಾಳಿಯಲ್ಲಿ ಹಿಡಿದು ನಿಂತ. ಉಗುರಿನ ಸಂದಿಯೆಲ್ಲ ಕಪ್ಪು. "ತೊಳ್ಕೊಂಡು ಬರ್ತೀನಿ, ಒಂದೇ ನಿಮಿಷ..."

"ಬೇಡ."

ಅವನು ಹಾಗೇ ಅಪ್ಪಿಕೊಂಡ. ಗ್ರೀಸು, ಕಬ್ಬಿಣ, ಬೆವರು. ಅವಳು ಆ ವಾಸನೆಯಲ್ಲಿ ಮೂಗು ಹುದುಗಿಸಿ ಬಿಕ್ಕಿದಳು.

"ನಂಗೂ ಬರುತ್ತೆ ಕಣೇ," ಎಂದ ಅವನು ಅವಳ ತಲೆಯ ಮೇಲಿಂದ. "ಲಿಫ್ಟಿನ ಮೇಲೆ ಕೂತು ಕೆಲ್ಸ ಮಾಡ್ತೀವಲ್ಲ, ಅಲ್ಲಿ ಕತ್ತಲು. ಯಾರೂ ನೋಡಲ್ಲ. ಒಂದ್ಸಲ ಕೆಳಗಿದ್ದವನು 'ಏನದು ಸದ್ದು' ಅಂತ ಕೂಗಿದ."

"ನೀವೇನಂದ್ರಿ?"

"ಎಣ್ಣೆ ಹಾಕ್ಬೇಕು, ಅಂದೆ."

ಅವಳು ಅಳುತ್ತಲೇ ನಕ್ಕಳು. ಅವನ ದನಿ ಮಾತ್ರ ನಗಲಿಲ್ಲ, ಒಡೆಯಿತು. ಅವಳು ಕಾಲ ಬೆರಳ ಮೇಲೆ ನಿಂತು, ಕೈ ಮೇಲೆತ್ತಿ, ಅವನ ತಲೆಯನ್ನು ತನ್ನ ಭುಜಕ್ಕೆ ಎಳೆದುಕೊಂಡಳು.