ನಳಿಗೆಯ ಬಾಯಲ್ಲಿ ಚೆಂಡುಹೂ

ಬಾಗಿಲು ಬಡಿದ ಸದ್ದಿಗೆ ಜರ್ಮನಿಯ ಇಡೀ ಯೇನಾ ಊರೇ ಎದ್ದು ಕೂತಿರಬೇಕು.

ತೆಗೆದರೆ ಮನೆ ಮಾಲೀಕ ಹೆರ್ ಲೋಮನ್. ನಮ್ಮ ಕೆಳಗಿನ ಮನೆಯವನು. ಏಳಡಿ ಆಳು. ಮುಖ ಬ್ಯಾಡಗಿ ಮೆಣಸಿನಕಾಯಿ. ಒಂದು ಕೈಯಲ್ಲಿ ತೂತು ಬಿದ್ದ ಕಾಗದ, ಇನ್ನೊಂದರಲ್ಲಿ ಹಸಿರು ಕಲೆಯ ಬಟ್ಟೆ ಚೂರು. ಹಿಂದೆ ಅವನ ಹೆಂಡತಿ ಫ್ರಾವ್ ಲೋಮನ್, ಕೈಕಟ್ಟಿ.

ಅವನು ಜರ್ಮನ್‌ನಲ್ಲಿ ಗುಡುಗಿದ. ಕೇಳುತ್ತ ಕೇಳುತ್ತ ನನ್ನ ಮಗ ಉದಯಕುಮಾರ ಸುಣ್ಣದಂತೆ ಬೆಳ್ಳಗಾದ.

"ಏನಂತೋ?"

"ಯವ್ವಾ, ಅವರ ಹೊಸ ಬಂದೂಕು ಕೆಟ್ಟೈತಂತ. ಗುಂಡು ದಿಕ್ಕಿಗೊಂದು ಹಾರ್ತಾವಂತ. ಆಯುಧ ಪೂಜಿ ದಿನ ನೀ ನಳಿಗ್ಯಾಗ ಏನೋ ಸುರುವಿದಿ ಅಂತಾನ."

"ಹಾಂ! ಆಮ್ಯಾಲ?"

"ಮನಿ ಖಾಲಿ ಮಾಡ್ರಿ ಅಂತಾನ. ಸೋಮವಾರ ಕ್ಯುಂಡಿಗುಂಗ್ ಅಂತ ನೋಟೀಸ್ ಪತ್ರ ಕೊಡ್ತಾನಂತ."

ಒಳಗೆ ಸೊಸೆ ಕೀರ್ತಿ ಹೊಟ್ಟೆ ಹಿಡಿದುಕೊಂಡು ಕುರ್ಚಿಗೆ ಕುಸಿದಳು. ಎಂಟು ತಿಂಗಳು ತುಂಬಿತ್ತು. ಬಾಣಂತನಕ್ಕೆಂದೇ ನಾನು ವಿಮಾನ ಹತ್ತಿ ಬಂದದ್ದು. ಈ ಮನೆ ಸಿಗಲು ಮಗ ನೂರು ಬಾಗಿಲು ಬಡಿದಿದ್ದ. ಹೆಸರು ಕೇಳಿಯೇ ತೊಂಬತ್ತೊಂಬತ್ತು ಮುಚ್ಚಿದ್ದವು. ಕಂಪ್ಯೂಟರಿನವರಿಗೆ ಜರ್ಮನಿ ಕೊಡುವ ಗ್ರೀನ್ ಕಾರ್ಡ್ ತೋರಿಸಿದರೆ ಕಂಪನಿ ಕೆಲಸ ಕೊಡುತ್ತದೆ, ಸೂರು ಕೊಡುವುದಿಲ್ಲ.

"ಕೂಡ್ರಂತ ಹೇಳು," ಎಂದೆ. "ಕಳ್ಳ ಯಾರಂತ ಚಾ ಆರೂದ್ರಾಗ ಹೇಳ್ತೀನಿ."

* * *

ನಡೆದದ್ದು ಇಷ್ಟು. ವಾರದ ಹಿಂದೆ, ಮಹಾನವಮಿ ದಿನ, ಮಗನ ಸೈಕಲ್ಲು, ಕಂಪ್ಯೂಟರ್, ನನ್ನ ಈಳಿಗೆಮಣೆ ಎಲ್ಲಕ್ಕೂ ಕುಂಕುಮ ಹಚ್ಚಿ ಪೂಜೆ ಮಾಡಿದ್ದೆ. ಗಂಟೆ ಸದ್ದು ಕೇಳಿ ಲೋಮನ್ ಮೇಲೆ ಬಂದ. ಆಯುಧಕ್ಕೂ ಪೂಜೆ ಉಂಟೆಂದು ತಿಳಿದದ್ದೇ, ಓಡಿಹೋಗಿ ಬೇಟೆಯ ಬಂದೂಕು ತಂದ.

"ಹೊಚ್ಚ ಹೊಸದು. ಇನ್ನೂ ಒಂದು ಗುಂಡೂ ಹಾರಿಸಿಲ್ಲ," ಎಂದಿದ್ದ. ಹೇಳುವಾಗ ಕಿವಿ ಮುಟ್ಟಿಕೊಂಡಿದ್ದ. ನನ್ನ ಗಂಡ, ಅವರಿಗೆ ಸ್ವರ್ಗ ಸಿಗಲಿ, ಇಸ್ಪೀಟಾಡಿ ಬಂದ ದಿನ ಹೀಗೇ ಕಿವಿ ಮುಟ್ಟಿಕೊಳ್ಳುತ್ತಿದ್ದರು.

ನಾನು ಹಿಡಿಗೆ ಕುಂಕುಮ ಹಚ್ಚಿದೆ. ತಾಮ್ರದ ತಂಬಿಗೆಯಿಂದ ನೀರು ಚಿಮುಕಿಸಿದೆ. ಹೂ ನಿಲ್ಲಲಿಲ್ಲ. ಒಂದು ಚೆಂಡುಹೂವಿನ ದಂಟನ್ನು ನಳಿಗೆಯ ಬಾಯಿಗೇ ಸಿಕ್ಕಿಸಿದೆ. ಹೋಳಿಗೆಗೆ ಬಂದಿದ್ದ ಮಗನ ಆಫೀಸಿನ ಗೆಳೆಯ, ವಿಜಯಪುರದ ಬಂದೂಕು ರಿಪೇರಿಯವನ ಮಗ ಇದ್ರೀಸ್, ಬಂದೂಕಿನ ದುರ್ಬೀನಿನಲ್ಲಿ ಚರ್ಚಿನ ಗೋಪುರ ನೋಡಿದ. ಅಷ್ಟೇ.

ಆದರೂ ಒಳಗೊಂದು ಅಳುಕು. ನೀರಿನ ಹನಿ ಒಳಗೆ ಬಿದ್ದಿದ್ದರೆ? ನನಗೇ ನನ್ನ ಮೇಲೆ ಸಂಶಯ.

* * *

ಫೋನು ಮಾಡಿದ್ದಕ್ಕೆ ಇದ್ರೀಸ್ ಓಡಿ ಬಂದ. ಲೋಮನ್ ಅವನನ್ನೂ ಬಿಡಲಿಲ್ಲ. ಮಗನ ಕಣ್ಣಲ್ಲೂ ಸಂಶಯ.

"ದುರ್ಬೀನು ತಿರುವಿದೇನಲೇ?"

"ಖರೇ ಅಂದ್ರ ಮುಟ್ಟಿಲ್ಲಲೇ. ಬರೇ ನೋಡೇನಿ." ಇದ್ರೀಸ್ ತೂತಿನ ಕಾಗದ ಎತ್ತಿ ಹಿಡಿದ. "ಅಮ್ಮಾ, ದುರ್ಬೀನು ತಿರುವಿದ್ರ ಎಲ್ಲಾ ಗುಂಡು ಒಂದ ಕಡಿ ತಪ್ಪತಿದ್ದುವು, ಗುಂಪಾಗಿ. ಇಲ್ಲಿ ನೋಡ್ರಿ, ಕೋಳಿ ಕೆದರಿದಂಗೈತಿ."

ಮೂಲೆಗೊಂದು ತೂತು. ಇದ್ರೀಸ್ ಪಾರಾದ. ನಾನು ಉಳಿದೆ.

ಬಟ್ಟೆ ಚೂರು ಮೂಸಿದೆ. ಸಾವಿರ ಎಮ್ಮೆಗಳ ಕೊಟ್ಟಿಗೆಯ ಗಂಜಳದ ನಾತ! ನಳಿಗೆ ಒರೆಸಿದ ಬಟ್ಟೆಯಂತೆ, ಅದು ತೊಳೆಯುವ ಔಷಧಿಯ ನಾತವಂತೆ. ಬಣ್ಣ ಮಾತ್ರ ನನಗೆ ಹಳೆಯ ಪರಿಚಯ. ಹುಣಸೆಹಣ್ಣು ಕಾಣದ ಹಂಡೆಯ ಬಣ್ಣ.

"ಇದು ತಾಮ್ರದ ಕಿಲುಬು," ಎಂದೆ.

ಮಗ ಹೇಳಿದ್ದೇ ತಡ, ಲೋಮನ್ ದೇವರ ಗೂಡಿನತ್ತ ಬೆರಳು ಚಾಚಿದ. ಅಲ್ಲಿ ನನ್ನ ತಾಮ್ರದ ತಂಬಿಗೆ ಫಳಫಳ ಹೊಳೆಯುತ್ತಿತ್ತು.

"ಅದರ ನೀರೇ!" ಎಂದ.

ಮಗ ತಲೆ ತಗ್ಗಿಸಿದ. ನಾನು ನಕ್ಕೆ. "ನಲವತ್ತು ವರ್ಷ ಅದರಾಗಿನ ನೀರ ಕುಡದೇನಿ. ಹಂಗಿದ್ರ ಇಷ್ಟೊತ್ತಿಗೆ ನನ್ನ ಹೊಟ್ಟಿ ಹಂಡೇ ಆಗಿರ್ತಿತ್ತು! ಇದ್ರೀಸ್, ನಳಿಗಿ ಕಬ್ಬಿಣದ್ದಲ್ಲೇನು? ತಾಮ್ರ ಮತ್ತೆಲ್ಲಿಂದ ಬಂತು?"

"ಗುಂಡಿನ ಮೈಮ್ಯಾಲ ತಾಮ್ರ ಇರತೈತಿ ಅಮ್ಮಾ. ಹಾರುವಾಗ ಒಳಗ ತಿಕ್ಕಿ ಒಂಚೂರು ಹತ್ಕೊಂತೈತಿ. ತೊಳೀದ ಹೊಡದ್ರ ಪದರಾಗಿ ಕೂಡ್ತೈತಿ. ಆಮ್ಯಾಲ ಗುರಿ ಕೆಡತೈತಿ."

"ಎಷ್ಟ ಹೊಡದಾನಂತ ಕೇಳು."

ಮಗ ಕೇಳಿದ. "ಪೂಜಿ ಆದಮ್ಯಾಲ ಇವತ್ತ ಐದು. ಅದಕ್ಕೂ ಮೊದಲ ಒಂದೂ ಇಲ್ಲಂತ."

"ಐದಕ್ಕ ಇಷ್ಟು ಕಿಲುಬಾ?" ಇದ್ರೀಸ್ ಹುಬ್ಬು ಗಂಟಿಕ್ಕಿದ. "ಆಗಾಕ ಸಾಧ್ಯ ಇಲ್ಲ."

ಲೋಮನ್ ಕಿವಿ ಮುಟ್ಟಿಕೊಂಡ.

* * *

ನಾನು ಒಳಗೆ ಹೋಗಿ ಪ್ಲಾಸ್ಟಿಕ್ ಚೀಲ ತಂದೆ. ಪೂಜೆಯ ನಿರ್ಮಾಲ್ಯ. ದೇವರ ಹೂ ಕಸದ ಡಬ್ಬಿಗೆ ಹಾಕಬಾರದು, ಹೊಳೆಗೆ ಬಿಡಬೇಕು. ಇಲ್ಲಿ ಹೊಳೆಗೆ ಬಿಟ್ಟರೆ ದಂಡ ಹಾಕುತ್ತಾರೆಂದು ಮಗ ಹೆದರಿಸಿದ್ದ. ಹಾಗಾಗಿ ಬಾಲ್ಕನಿಯಲ್ಲೇ ಇತ್ತು.

ಒಂದೊಂದೇ ಹೂ ಮೇಜಿನ ಮೇಲೆ ಹರಡಿದೆ. ಸೈಕಲ್ಲಿನದು, ಒಣಗಿ ಹಳದಿ. ಈಳಿಗೆಮಣೆಯದು, ಅದೂ ಹಳದಿ. ಒಂದರ ದಂಟು ಮಾತ್ರ ಕಾಡಿಗೆ ಕಪ್ಪು.

ಅದನ್ನು ಫ್ರಾವ್ ಲೋಮನ್‌ಳ ಬಿಳಿ ಕರವಸ್ತ್ರಕ್ಕೆ ಒರೆಸಿದೆ. ಕಪ್ಪು ಗೆರೆ ಮೂಡಿತು. ಅವಳು ಮೂಸಿದಳು. ಮದ್ದಿನ ವಾಸನೆ.

"ಉದಯಾ, ಒಂದೂ ಬಿಡದಂಗ ಹೇಳು. ಈ ಹೂ ನವಮಿ ದಿನ ಬಂದೂಕಿನ ಬಾಯಾಗಿತ್ತು. ಒಂದೂ ಗುಂಡ ಹಾರದ ಬಾಯಾಗ ಮಸಿ ಎಲ್ಲಿಂದ ಬಂತು? ಅವತ್ತ ಹೋಳಿಗಿ ತಾಟು ಎಡಗೈಲೇ ಯಾಕ ತಗೊಂಡ? ಬಲಭುಜ ಎತ್ತಾಕ ಬರಲಿಲ್ಲ. ಮೈಗೆಲ್ಲಾ ನೋವಿನ ಮುಲಾಮು ಗಮ್ ಅಂತಿತ್ತು."

ಹೆಂಡತಿಯ ಕಣ್ಣು ಕಿರಿದಾಯಿತು. "ಕುದುರೆ ಮುಲಾಮು," ಎಂದಳು. "ಎರಡು ವಾರದಿಂದ ನಾನೇ ತಿಕ್ಕುತ್ತಿದ್ದೇನೆ. ತೋಟ ಅಗೆದು ನೋವಾಯಿತು ಅಂದಿದ್ದ."

"ತ್ವಾಟಾ ಒದಿಯೂದಿಲ್ಲವಾ. ಬಂದೂಕು ಒದಿತೈತಿ."

ಇದ್ರೀಸ್ ಸಂಜ್ಞೆ ಮಾಡಿದ. ಲೋಮನ್ ಅಂಗಿಯ ಕಾಲರು ಸರಿಸಿದ. ಭುಜ ಬದನೆಕಾಯಿ ಬಣ್ಣ.

* * *

ಏಳಡಿಯ ಆಳು ಮೂರಡಿಯಾಗಿ ಕೂತ. ಎಲ್ಲ ಹೊರಬಂತು.

ಅವನ ಕಣ್ಣಿಗೆ ಪೊರೆ. ಆಪರೇಷನ್ ಆಗುವ ತನಕ ಬಂದೂಕು ಮುಟ್ಟಬೇಡವೆಂದು ಡಾಕ್ಟರು, ಹೆಂಡತಿ ಇಬ್ಬರೂ ಹೇಳಿದ್ದರು. ಇವನು ದೋಷ ಹಳೆಯ ಬಂದೂಕಿಗೆ ಹೊರಿಸಿ ಹೊಸದು ಕೊಂಡ. ಕದ್ದು ಹೋಗಿ ಗುರಿ ಹೊಡೆದ. ತಪ್ಪಿತು. ಹಟಕ್ಕೆ ಬಿದ್ದು ಮತ್ತೆ ಹೊಡೆದ, ತೊಳೆಯದೆ. ನಳಿಗೆಯಲ್ಲಿ ತಾಮ್ರ ಕೂತಿತು. ಮೊದಲು ಕಣ್ಣೊಂದೇ ಕೆಟ್ಟಿತ್ತು, ಈಗ ಬಂದೂಕೂ ಕೆಟ್ಟಿತು. ಇವತ್ತು ಗುಟ್ಟಾಗಿ ತೊಳೆಯುವಾಗ ಹೆಂಡತಿ ನೆಲಮಾಳಿಗೆಯಲ್ಲಿ ಹಸಿರು ಬಟ್ಟೆ ಕಂಡಳು. ಕೇಳಿದಳು. ಬೆರಳು ಮೇಲಕ್ಕೆ ಹೋಯಿತು, ನಮ್ಮ ಮನೆ ಕಡೆ.

"ಮತ್ತ ಪೂಜಿಗ್ಯಾಕ ತಂದಿದ್ದಂತ?"

ಲೋಮನ್ ನೆಲ ನೋಡುತ್ತ ಗೊಣಗಿದ. ಮಗ ಮೆಲ್ಲಗೆ ಹೇಳಿದ. "ನಿಮ್ಮ ದೇವಿ ಆದ್ರೂ ಗುರಿ ಸರಿ ಮಾಡ್ತಾಳೇನೋ ಅಂತ ಆಸೆ ಇತ್ತಂತವ್ವಾ."

ನನ್ನ ಕೋಪವೆಲ್ಲ ಇಳಿದುಹೋಯಿತು. ಆದರೂ ಬಿಡಲಿಲ್ಲ. "ದೇವಿಗೆ ಗುಂಡ ಎತ್ಕೊಂಡು ಹೋಗಿ ಮುಟ್ಟಸೂ ಕೆಲಸಾ ಕೊಟ್ಯಾ, ಧಡಿಯಾ?"

ಅಷ್ಟರಲ್ಲಿ ಫ್ರಾವ್ ಲೋಮನ್ ಬಾಯಿ ತೆರೆದಳು. ಮಾರುದ್ದ ಬೈದಳು.

"ಏನಂದ್ಲೋ?"

"ಅದು ಕನ್ನಡಕ್ಕ ಬರೂದಿಲ್ಲವ್ವಾ."

ಬೈಗುಳ ಮುಗಿಸಿ ಅವಳು ಕೀರ್ತಿಯ ಹತ್ತಿರ ಹೋದಳು. ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದಳು. ಅದನ್ನು ಮಗ ಹೇಳಬೇಕಾಗಲಿಲ್ಲ. ಕೀರ್ತಿ ಅಳುತ್ತಲೇ ನಕ್ಕಳು.

ಸೋಮವಾರ ಪತ್ರ ಬರಲಿಲ್ಲ. ಇದ್ರೀಸ್ ಪಕ್ಕ ಕೂತು, ಬಟ್ಟೆ ಬಿಳಿಯಾಗಿ ಹೊರಬರುವ ತನಕ ಲೋಮನ್ ಕೈಯಲ್ಲಿ ನಳಿಗೆ ತೊಳೆಸಿದ. ಆಮೇಲೆ ಅವನ ಹೆಂಡತಿಯೇ ಗುರಿ ಹೊಡೆದಳಂತೆ. ಐದೂ ತೂತು ಒಂದು ಹಪ್ಪಳದಷ್ಟು ಜಾಗದೊಳಗೆ.

ಮುಂದಿನ ನವಮಿಗೆ, ಮೊಮ್ಮಗುವನ್ನು ನೋಡಲು ನಾನು ಮತ್ತೆ ಬಂದಿದ್ದಾಗ, ಲೋಮನ್ನೂ ಮೇಲೆ ಬಂದ. ಬಂದೂಕು ತಂದಿರಲಿಲ್ಲ. ಆಪರೇಷನ್ ಆದ ಮೇಲೆ ಕೊಟ್ಟ ಹೊಸ ಕನ್ನಡಕವನ್ನು ಈಳಿಗೆಮಣೆಯ ಪಕ್ಕ ಇಟ್ಟ. ನಾನು ಕಡ್ಡಿಗಷ್ಟೇ ಕುಂಕುಮ ಹಚ್ಚಿದೆ. ಗಾಜಿಗೆ ತಾಗಿಸಲಿಲ್ಲ. ನಾಳೆ ಕಾಣಿಸದಿದ್ದರೆ ಮತ್ತೆ ನನ್ನ ಮೇಲೇ ಬರುತ್ತಾನೆ.