ನೈಲಾನ್ ಗಿಯರ್

ಸಿದ್ರಾಯ ಮತ್ತೆ ಗಿಯರ್ ಮುರಿದುಕೊಂಡು ಬಂದಿದ್ದ. ಗೋಕಾಕ ಬಸ್ ಸ್ಟ್ಯಾಂಡ್ ಹಿಂದಿನ ತನ್ನ ರಿಪೇರಿ ಅಂಗಡಿಯಲ್ಲಿ ಮೊಬೈಲು ಬಿಚ್ಚುತ್ತ ಕೂತಿದ್ದ ಕಸ್ತೂರಿ ತಲೆ ಎತ್ತಲಿಲ್ಲ. ಎತ್ತಿದರೆ ಮುಖ ಅರಳಿದ್ದು ಅವನಿಗೆ ಕಂಡುಬಿಡುತ್ತದೆಂಬ ಭಯ.

ಅವನು ರಿಮೋಟ್ ಕಾರನ್ನು ಕೌಂಟರಿನ ಮೇಲಿಟ್ಟ. ಕೆಂಪು ಪ್ಲಾಸ್ಟಿಕ್ ಬಾಡಿ, ರಬ್ಬರ್ ಟೈರಿನ ಸಂದಿಗಳಲ್ಲಿ ಅರಭಾವಿ ಹೊಲದ ಮಣ್ಣು. ಅದು ಅವನ ತಮ್ಮ ಶುಭಮ್‌ನ ಕಾರು. ಒಳಗಿನ ಮೋಟಾರಿಗೆ ತಂತಿ ಸುತ್ತಿ ಬೆಸುಗೆ ಹಾಕಿದವನೂ ಆ ಹುಡುಗನೇ. ಹೋದ ವರ್ಷ ಕೊಣ್ಣೂರ ಹತ್ತಿರ ಬೈಕು ಕಬ್ಬಿನ ಟ್ರ್ಯಾಕ್ಟರಿಗೆ ಬಡಿದು ಶುಭಮ್ ತೀರಿಕೊಂಡ. ಬೈಕ್ ಓಡಿಸುತ್ತಿದ್ದವನು ಸಿದ್ರಾಯ. ಮಣ್ಣು ಕೊಡುವಾಗಲೂ ಅವನ ಕಣ್ಣಲ್ಲಿ ನೀರು ಬರಲಿಲ್ಲ. ಗಟ್ಟಿ ಮನುಷ್ಯ ಎಂದು ಊರೇ ಹೊಗಳಿತು. ಆ ಹೊಗಳಿಕೆಗೆ ಬೆಂಕಿ ಬೀಳಲಿ ಎಂದು ಕಸ್ತೂರಿಗೆ ಅನಿಸುತ್ತಿತ್ತು.

ಅಂದಿನಿಂದ ಅವನು ಕಬ್ಬು ಕಡಿದ ಹೊಲದಲ್ಲಿ ಒಬ್ಬನೇ ನಿಂತು ಆ ಕಾರು ಓಡಿಸುತ್ತಾನೆ. ಕೂಳೆಗೆ ಚಕ್ರ ಸಿಕ್ಕಿಕೊಂಡು ಗಿಯರಿನ ಹಲ್ಲು ಉದುರುತ್ತದೆ. ಪ್ರತಿ ಸಲವೂ ಅವನದು ಒಂದೇ ಮಾತು, ಸ್ಟೀಲಿನದು ಹಾಕಿಕೊಡಿ ಎಂದು.

"ಎಷ್ಟ್ ಸಲ ಹೇಳ್ಬೇಕ್ರಿ ನಿಮಗ?" ಎಂದಳು ಕಸ್ತೂರಿ. "ಒಳಗ ಒಂದರೆ ಮೆತ್ತಂದು ಇರಬೇಕು. ಚಕ್ರ ಸಿಕ್ಕಾಗ ಈ ನೈಲಾನ್ ಗಿಯರ್ ಮುರಿದ್ರ ಮೋಟಾರ್ ಉಳಿತೈತಿ."

"ಮುರಿದ್ರನ ಅಲ್ರಿ, ನಾ ಇಲ್ಲಿಗೆ ಬರೂದು," ಎಂದ ಸಿದ್ರಾಯ. ಎಂದವನೇ ಗೋಡೆಯ ಕ್ಯಾಲೆಂಡರ್ ನೋಡತೊಡಗಿದ.

ಅವಳ ಕಿವಿ ಬಿಸಿಯಾಯಿತು. ಅದೇ ಧೈರ್ಯದಲ್ಲಿ, ಸೋಮವಾರ ಮೂಡಲಗಿಯಿಂದ ತನ್ನನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂದು ಹೇಳಿಬಿಟ್ಟಳು. ಅವನ ನೋಟ ಕ್ಯಾಲೆಂಡರ್ ಬಿಟ್ಟು ಅವಳ ಬೆರಳಿಗೆ ಬಂತು, ಬೆಸುಗೆ ಸುಟ್ಟ ಕಲೆಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಏನೋ ಹೇಳಲು ಬಾಯಿ ತೆರೆದ.

"ಚಲೋ ಆತ್ರಿ," ಎಂದ. "ಸ್ಟೀಲಿಂದ ಹಾಕ್ರಿ."

ಕಸ್ತೂರಿಗೆ ಮೈಯೆಲ್ಲ ಉರಿಯಿತು. ಡಬ್ಬಿಯಿಂದ ಸ್ಟೀಲ್ ಗಿಯರ್ ತೆಗೆದು ಕೂರಿಸಿ, ಸ್ಕ್ರೂಗಳನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ತಿರುವಿ, ಕಾರನ್ನು ಅವನ ಮುಂದೆ ತಳ್ಳಿದಳು. ಅವನು ತಿರುಗಿ ನೋಡದೆ ಹೋದ.

ರವಿವಾರ ಮಧ್ಯಾಹ್ನ ಅವನು ಬಂದಾಗ, ಅವನಿಗಿಂತ ಮೊದಲು ಸುಟ್ಟ ವಾಸನೆ ಬಂತು. ಅವಳು ಕಾರು ಬಿಚ್ಚಿದಳು. ಸ್ಟೀಲ್ ಗಿಯರಿನ ಒಂದು ಹಲ್ಲೂ ಮುಕ್ಕಾಗಿರಲಿಲ್ಲ. ಮೋಟಾರಿನೊಳಗೆ ಶುಭಮ್ ಸುತ್ತಿದ ತಂತಿ ಕರಿಯ ಮುದ್ದೆಯಾಗಿ ಕೂತಿತ್ತು. ಅಂಥ ಮೋಟಾರು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

"ತಪ್ಪು ನಂದ್ರಿ. ಗೊತ್ತಿದ್ದೂ ಸಿಟ್ಟಿನಾಗ ಹಾಕಿಕೊಟ್ಟೆ."

ಅವನು ಅಲ್ಲವೆಂದು ತಲೆಯಾಡಿಸಿ ಮೋಟಾರನ್ನು ಅಂಗೈಯಲ್ಲಿ ಹಿಡಿದ. ಮಣ್ಣು ಕೊಡುವಾಗ ಅಳದವನು ಕೌಂಟರಿಗೆ ಹಣೆ ಹಚ್ಚಿ ಅತ್ತ. ರಸ್ತೆಯ ಮಂದಿಗೆ ಕಾಣಬಾರದೆಂದು ಕಸ್ತೂರಿ ಶಟರನ್ನು ಅರ್ಧ ಎಳೆದು ಅವನ ಬಾಜೂ ಬಂದು ಕೂತಳು.

ಅಳುವಿನ ನಡುವೆಯೇ ಅವನು ಹೇಳಿದ: ಟ್ರ್ಯಾಕ್ಟರ್ ದಾಟಬೇಡ ಎಂದು ಶುಭಮ್ ಹಿಂದಿನಿಂದ ಅಂಗಿ ಜಗ್ಗಿದ್ದ, ತಾನು ಕೇಳಲಿಲ್ಲ. ಇದನ್ನು ಅವ್ವನಿಗೂ ಹೇಳಿಲ್ಲ.

"ಇಂಥಾ ಕೈಯಾಗ ಯಾರ್ ಹೆಣ್ಣ ಕೊಡ್ತಾರ್ರಿ? ಅದಕ್ಕ ಮೊನ್ನೆ ಬಾಯಿ ಮುಚ್ಚಿದ್ದೆ."

ಹೊರಗೆ ಹುಕ್ಕೇರಿ ಬಸ್ಸು ಹಾರನ್ ಹಾಕುತ್ತ ಹೋಯಿತು. ಅವನು ತೋಳಿನಿಂದ ಮುಖ ಒರೆಸಿಕೊಂಡ. ನೆಲ ನೋಡುತ್ತಲೇ ಕೇಳಿದ.

"ಮೂಡಲಗಿಯವ್ರಿಗೆ ಬರಬ್ಯಾಡ್ರಿ ಅಂತ ಹೇಳಾಕ ಆಗ್ತೈತೇನ್ರಿ?"

ಕಸ್ತೂರಿ ಸುಟ್ಟ ಮೋಟಾರನ್ನು ಮೆತ್ತನೆಯ ಅರಿವೆಯಲ್ಲಿ ಸುತ್ತಿ ಅವನ ಅಂಗೈಗಿಟ್ಟಳು. ಇಟ್ಟ ಕೈಯನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

"ನಿನ್ನೆನ ಅಪ್ಪನ ಕಡಿಂದ ಹೇಳಿಸೇನಿ," ಎಂದಳು.