ಮಾಮನ ದಿಣ್ಣೆಯ ಏಳನೇ ಹಾಳೆ

೧೯೮೬ರ ಮಾರ್ಚ್ ೧೧, ಮಂಗಳವಾರ, ಬೆಳಿಗ್ಗೆ ೧೦.೪೦. ಸುಂದರಬನದ ಕಾಠಖಾಲಿ ಠಾಣೆಗೆ ಭೂದಾಖಲೆ ಕಚೇರಿಯ ಗುಮಾಸ್ತ ತಾರಕ್ ಹಾಜರಾ ದೂರು ತಂದರು. ೧೯೦೯ರ ಸರ್ವೆ ನಕ್ಷೆಯ ಏಳನೇ ಹಾಳೆ ಕಳುವಾಗಿತ್ತು. ಆ ಹಾಳೆಯಲ್ಲಿದ್ದದ್ದು ಮಾಮನ ದಿಣ್ಣೆ: ಮೂರು ಕಡೆ ಕೆಸರು, ಒಂದು ಕಡೆ ಹೊಳೆ, ನಡುವೆ ಈಗ ನಲವತ್ತು ಮನೆ. ಅದು ಮೊದಲಿನಿಂದ ಕಾಡೇ ಎಂದು ಸರ್ಕಾರ ಒಕ್ಕಲೆಬ್ಬಿಸಲು ಹೊರಟಿತ್ತು. ಶುಕ್ರವಾರ ಕೋರ್ಟು. ಹಳೆಯ ದಾಖಲೆ ಇದೊಂದೇ.

ಇನ್ಸ್‌ಪೆಕ್ಟರ್ ಬಿಜನ್ ಪುರ್ಕೈತ್ ಎಫ್‌ಐಆರ್ ಬರೆಸಿ, ಪಂಚನಾಮೆಗೆ ಕಚೇರಿಗೆ ಹೋದರು. ಬೀಗ ಮುರಿದಿರಲಿಲ್ಲ. ಬೀಗವೇ ಇರಲಿಲ್ಲ.

“ನಿನ್ನೆ ಯಾರ್ಯಾರು ನೋಡಿದ್ರು?”

“ಇಬ್ಬರು. ಕಲ್ಕತ್ತಾದ ಸರ್ಕಾರಿ ವಕೀಲರು ಹೆಸರು ಓದಿ ಮುಖ ಗಂಟಿಕ್ಕಿದ್ರು. ‘ಯಾರದೋ ಸೋದರಮಾವನ ಜಾಗ ಅಂತಿದೆಯಲ್ರೀ, ಆಗ್ಲೇ ಜನ ಇದ್ರು ಅಂತಾಯ್ತು, ನಮ್ಮ ಕೇಸು ಹೋಯ್ತು’ ಅಂದ್ರು.”

“ಇನ್ನೊಬ್ರು?”

“ಜೇನು ಕೀಳೋ ಫಟಿಕ್ ಬೈದ್ಯ. ಆ ದಿಣ್ಣೆಯವನೇ. ಹೆಸರು ಓದಿಸಿಕೊಂಡು ಕೈಮುಗಿದ.”

“ಯಾಕೆ ಅಂತ ಕೇಳ್ಲಿಲ್ವಾ?”

“ಮಾವನ ಮೇಲೆ ಗೌರವ ಅಂದ್ಕೊಂಡೆ.”

ತಾರಕ್ ದೂರದ ಬರ್ದ್ವಾನಿನವರು. ಬಿಜನ್ ಇಲ್ಲಿಯವರೇ. ಇಲ್ಲಿ ಕಾಡು ಹೊಕ್ಕವರು ಹುಲಿಯ ಹೆಸರೆತ್ತುವುದಿಲ್ಲ, ಮಾಮ ಅನ್ನುತ್ತಾರೆ. ೧೯೦೯ರಲ್ಲಿ ಯಾವನೋ ಅಂಬಿಗ ದನಿ ತಗ್ಗಿಸಿ ಹೇಳಿದ್ದನ್ನು ಸರ್ವೆಯವರು ಹಾಗೇ ಬರೆದುಕೊಂಡಿದ್ದರು. ಫಟಿಕ್ ಕೈಮುಗಿದದ್ದು ಹುಲಿಗೆ.

ಮಧ್ಯಾಹ್ನ ೨.೧೫ಕ್ಕೆ ಬಿಜನ್ ಒಬ್ಬ ಕಾನ್‌ಸ್ಟೇಬಲ್‌ನೊಂದಿಗೆ ದೋಣಿಯಲ್ಲಿ ದಿಣ್ಣೆ ತಲುಪಿದರು. ಹೊಳೆಯ ಇಳಿತ ಮುಗಿಯುತ್ತಾ ಬಂದು ದೋಣಿ ಕೆಸರಿನಲ್ಲಿ ಕೂತಿತು. ಬಂದವರು ಹೊರಡುವಂತಿಲ್ಲ, ಬೇಕಾದವನು ಓಡುವಂತಿಲ್ಲ. ಹಾಳೆ ಫಟಿಕನ ಅಕ್ಕಿ ಮಡಕೆಯಲ್ಲಿ ಸಿಕ್ಕಿತು.

“ಓಡ್ಲಿಲ್ಲ ಯಾಕೋ?” ಕಾನ್‌ಸ್ಟೇಬಲ್ ಲಸ್ಕರ್ ಕೇಳಿದ.

“ಎಲ್ಲಿಗೆ? ದಾರಿ ತೋರ್ಸು, ನಿನ್ನ ಹಿಂದೇನೇ ಬರ್ತೀನಿ.”

“ಕದ್ದದ್ದು ಯಾಕೆ?” ಎಂದರು ಬಿಜನ್.

“ಮಾಮನ ಜಾಗ ಅಂದ್ರೆ ಕಾಡು ಅಂತ ಜಡ್ಜ್‌ಬಾಬುಗೆ ತಿಳಿಯಲ್ವಾ, ದಾರೋಗಾಬಾಬು? ಎಲ್ಲರನ್ನೂ ಎಬ್ಬಿಸ್ತಾರೆ.”

“ಜಡ್ಜ್‌ಬಾಬು ಕಲ್ಕತ್ತಾದವರು. ಅವರಿಗೆ ಮಾಮ ಅಂದ್ರೆ ತಾಯಿಯ ತಮ್ಮ. ನೀನು ಸುಮ್ನಿದ್ದಿದ್ರೆ ಶುಕ್ರವಾರ ನೀವೇ ಗೆಲ್ತಿದ್ರಿ.”

ಫಟಿಕ್ ಚೆಲ್ಲಿದ ಅಕ್ಕಿಯನ್ನು ಮಡಕೆಗೆ ತುಂಬಿದ. “ಸಿಕ್ತಲ್ಲ. ಕೋರ್ಟಿಗೆ ಕೊಟ್ಬಿಡಿ.”

“ಕೊಡ್ತೀನಿ. ಯಾಕೆ ಕದ್ದೆ ಅನ್ನೋದನ್ನೂ ಬರೆದು ಅದೇ ಕೋರ್ಟಿಗೇ ಕೊಡಬೇಕು. ಆಗ ಮಾಮ ಯಾರು ಅಂತ ಜಡ್ಜ್‌ಬಾಬುಗೂ ತಿಳಿಯುತ್ತೆ.”

“ಬರೀಬೇಡಿ, ಬಾಬು.”

“ವರದಿಯಲ್ಲಿ ಕಾರಣದ ಜಾಗ ಖಾಲಿ ಬಿಡೋ ಹಾಗಿಲ್ಲ.”

ಲಸ್ಕರ್ ಕೆಮ್ಮಿ, ಹೊಳೆಗೆ ನೀರು ಏರಿತೇ ನೋಡಲು ಎದ್ದು ಹೋದ. ಮನೆಗಳಿಂದ ಯಾರೂ ಹೊರಬರಲಿಲ್ಲ.

ಸಂಜೆ ೫.೫೦ಕ್ಕೆ ದೋಣಿ ಅಲುಗಿತು. ಬಿಜನ್ ಬಂಧನದ ಸಮಯ ಬರೆದರು, ಸಾಕ್ಷಿಗಳ ರುಜು ಹಾಕಿಸಿದರು. ‘ಕಳುವಿನ ಕಾರಣ’ ಎಂಬಲ್ಲಿ ಪೆನ್ನು ನಿಂತಿತು. ಕೊನೆಗೆ ಒಂದಕ್ಷರವೂ ಸುಳ್ಳಿಲ್ಲದಂತೆ ಬರೆದರು: ‘ಆರೋಪಿಗೆ ಮಾಮನ ಭಯ.’